ನನ್ನ ಕೈ ಕಟ್ಟಿಸಿದ ಮಾಸ್ತರು

ಅವರ ಎಡಗೈ ಹೆಬ್ಬೆರಳಿನ ಉಗುರು ಅರ್ಧ ಇಂಚು ಬೆಳೆದಿರುತ್ತಿತ್ತು. ಕಪ್ಪಗೆ, ದಪ್ಪಗೆ, ತುದಿಯಲ್ಲಿ ಸಣ್ಣದೊಂದು ಕಚ್ಚು ಬಿದ್ದ ಉಗುರು. ವಾಯರಿನ ತುದಿಯನ್ನು ಆ ಕಚ್ಚಿನಲ್ಲಿ ಕೂರಿಸಿ, ತೋರುಬೆರಳಿನಿಂದ ಒತ್ತಿ ಒಮ್ಮೆ ಎಳೆದರೆ ಪ್ಲಾಸ್ಟಿಕ್ ಸಿಪ್ಪೆ ಕಳಚಿ ಒಳಗಿನ ತಾಮ್ರ ಹೊಳೆಯುತ್ತಿತ್ತು. ತಾಮ್ರದ ಒಂದೆಳೆಯೂ ತುಂಡಾಗುತ್ತಿರಲಿಲ್ಲ. ನಾನು ಕಾನ್ವೆಂಟಿನಲ್ಲಿ ಕಲಿತವಳು. ಸೋಮವಾರದ ಅಸೆಂಬ್ಲಿಯಲ್ಲಿ ಸಿಸ್ಟರ್ ಒಬ್ಬರು ಫುಟ್‌ರೂಲರ್ ಹಿಡಿದು ಸಾಲಿನುದ್ದಕ್ಕೂ ನಮ್ಮ ಉಗುರು ನೋಡುತ್ತಾ ಬರುತ್ತಿದ್ದರು. ಅಂಥ ಕಡೆ ಬೆಳೆದ ನನಗೆ ಆ ಉಗುರನ್ನು ಮೊದಲ ಸಲ ಕಂಡಾಗ ಅನಿಸಿದ್ದು ಇಷ್ಟೇ: ಹೌ ಡರ್ಟಿ. ಬಾಯಿಬಿಟ್ಟು ಹೇಳಲಿಲ್ಲ. ಆದರೂ ಇಷ್ಟು ವರ್ಷ ಕಳೆದ ಮೇಲೂ ಆ ಎರಡು ಶಬ್ದ ನೆನಪಾದರೆ ಮುಖ ಬಿಸಿಯಾಗುತ್ತದೆ.

ಹೊನ್ನಾವರದಲ್ಲಿ ಎಲ್ಲರೂ ಅವರನ್ನು ವಾಯರಿಂಗ್ ಮಾಸ್ತರು ಎಂದೇ ಕರೆಯುತ್ತಿದ್ದರು. ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಮುಂಬಯಿಯಲ್ಲಿ ಹಡಗುಗಳ ವಾಯರಿಂಗ್ ಮಾಡಿ, ವಯಸ್ಸಾದ ಮೇಲೆ ಊರಿಗೆ ಬಂದು, ಶರಾವತಿಯ ದಂಡೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಮೀನುಗಾರಿಕೆ ಬೋಟುಗಳ ದೀಪ, ಬ್ಯಾಟರಿ, ಡೈನಮೋ ನೋಡಿಕೊಳ್ಳುತ್ತಿದ್ದರು. ಬಿಡುವಿದ್ದಾಗ ಮನೆಗಳಿಗೆ ಬಂದು ಮಿಕ್ಸರ್, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಿಕೊಡುತ್ತಿದ್ದರು. ನಮ್ಮ ಮನೆಗೆ ಬಂದದ್ದೂ ಮಿಕ್ಸರಿಗಾಗಿ. ತೊಂಬತ್ತರ ದಶಕದ ಕೊನೆ ಅದು. ನನಗೆ ಐವತ್ತು ದಾಟಿತ್ತು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ತಂಗಿ ಕುಮುದ.

ಕುಮುದ ನನಗಿಂತ ಹದಿನಾರು ವರ್ಷ ಚಿಕ್ಕವಳು. ಸರ್ಕಾರಿ ಕಾಗದಗಳಲ್ಲಿ ಅವಳಂಥವರನ್ನು ಬುದ್ಧಿಮಾಂದ್ಯರು ಎಂದು ಬರೆಯುತ್ತಿದ್ದ ಕಾಲ. ಊರಿನವರು 'ಸ್ವಲ್ಪ ಕಮ್ಮಿ' ಎನ್ನುತ್ತಿದ್ದರು. ನಾನು 'ಷಿ ಈಸ್ ಸ್ಲೋ' ಎನ್ನುತ್ತಿದ್ದೆ. ಇಂಗ್ಲಿಷಿನಲ್ಲಿ ಹೇಳಿದರೆ ಅವಳ ಮರ್ಯಾದೆ ಉಳಿಯಿತೆಂದು ನನ್ನ ಭ್ರಮೆ. ಅಕ್ಷರ ಅವಳಿಗೆ ಹತ್ತಲಿಲ್ಲ. ಒಟ್ಟಿಗೆ ಎರಡು ಕೆಲಸ ಹೇಳಿದರೆ ಎರಡೂ ಬಿಟ್ಟುಹೋಗುತ್ತಿತ್ತು. ಹಾಗಾಗಿ ನಾನು ಒಂದು ಕೆಲಸವನ್ನೂ ಹೇಳುತ್ತಿರಲಿಲ್ಲ. ಅವಳ ಜಡೆ ನಾನೇ ಹೆಣೆಯುತ್ತಿದ್ದೆ, ಅನ್ನ ನಾನೇ ಕಲಸಿಕೊಡುತ್ತಿದ್ದೆ. ಪ್ರೀತಿ ಎಂದರೆ ಅದೇ ಎಂದುಕೊಂಡಿದ್ದೆ.

ಮಾಸ್ತರು ಪಡಸಾಲೆಯಲ್ಲಿ ಮಿಕ್ಸರ್ ಬಿಚ್ಚಿದಾಗ ಕುಮುದ ಅವರ ಎದುರು ಚಕ್ಕಳಮಕ್ಕಳ ಹಾಕಿ ಕೂತಳು. ಬಿಚ್ಚಿಟ್ಟ ಸ್ಕ್ರೂಗಳನ್ನು ಉದ್ದದ್ದು ಒಂದು ಕಡೆ, ಗಿಡ್ಡದ್ದು ಒಂದು ಕಡೆ ಮಾಡಿಟ್ಟಳು. ಅವರು ಸ್ಕ್ರೂ ಡ್ರೈವರನ್ನು ಅವಳತ್ತ ಚಾಚಿದರು.

"ಅವಳ ಕೈಗೆ ಕೊಡಬೇಡಿ ಮಾಸ್ತರೆ" ಎಂದೆ. "ಅವಳಿಗೆ ಗೊತ್ತಾಗೂದಿಲ್ಲ."

"ಕೇಳಿದ್ರಾ ಅವ್ಳ ಹತ್ರ?"

"ಎಂತ ಕೇಳೂದು?"

"ಗೊತ್ತಾಗ್ತದಾ ಇಲ್ವಾ ಅಂತ. ಅವ್ಳು ಇಲ್ಲೇ ಕುಂತಿದ್ದಾಳೆ, ನೀವು ನನ್ನ ಹತ್ರ ಹೇಳ್ತಾ ಇದ್ದೀರಿ."

ಕುಮುದ ಕೊನೆಯ ಸ್ಕ್ರೂ ಬಿಗಿಮಾಡಲು ಕಾಲು ಗಂಟೆ ತೆಗೆದುಕೊಂಡಳು. ಅಷ್ಟೂ ಹೊತ್ತು ಅವರು ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂತಿದ್ದರು. ಮಿಕ್ಸರ್ ತಿರುಗಿದಾಗ ಹೊಗಳಲಿಲ್ಲ. "ಆತು" ಎಂದರು. ಮುಂದಿನ ವರ್ಷಗಳಲ್ಲಿ ಅವರ ಬಾಯಿಂದ ಬಂದ ಹೊಗಳಿಕೆಯೆಲ್ಲ ಆ ಎರಡಕ್ಷರದಲ್ಲೇ ಮುಗಿಯುತ್ತಿತ್ತು.

ಹೊರಡುವಾಗ ಒಂದು ವಿಷಯ ಹೇಳಿದರು. ಕುಮಟೆಯಲ್ಲಿ ಒಂದು ಸೇವಾ ಸಂಘದವರು ಪ್ರತಿ ಭಾನುವಾರ ಮೂರು ತಿಂಗಳ ತರಬೇತಿ ಇಟ್ಟಿದ್ದಾರೆ, ಕಲಿಸಲು ತಮ್ಮನ್ನು ಕರೆದಿದ್ದಾರೆ. ಕರೆಂಟು ಹೋದಾಗ ಹತ್ತಿಸುವ ಎಮರ್ಜೆನ್ಸಿ ದೀಪ ಮಾಡುವುದು, ಮನೆಯ ಸಣ್ಣಪುಟ್ಟ ಸಾಮಾನು ರಿಪೇರಿ ಮಾಡುವುದು. "ಇವ್ಳನ್ನ ಕರ್ಕೊಂಡು ಬನ್ನಿ" ಎಂದವರು, ನನ್ನ ಮುಖ ನೋಡಿ ತಿದ್ದಿಕೊಂಡು, ಕುಮುದಳ ಕಡೆ ತಿರುಗಿದರು. "ಬತ್ಯಾ?"

ಅವಳು ಒಳಗೆ ಹೋಗಿ ಚಪ್ಪಲಿ ಹಾಕಿಕೊಂಡು ಬಂದಳು. ಅಂದು ಬುಧವಾರ.

ಆ ತರಬೇತಿಗೆ ಇಪ್ಪತ್ತು ಜನ ಬಂದಿದ್ದರು. ಅವರಲ್ಲಿ ಕುಮುದಳಂಥವರು ಇನ್ನೊಬ್ಬರೇ: ಬಾಡ ಎಂಬ ಊರಿನ ಗಣಪು, ಮೂವತ್ತು ದಾಟಿದ ಆಳು. ಮನೆಯವರು ಬಲೆ ಹೆಣೆಯಲು ಮಾತ್ರ ಕೂರಿಸುತ್ತಿದ್ದರಂತೆ. ಅವನೊಂದಿಗೆ ಬರುತ್ತಿದ್ದವಳು ಮೀನು ಮಾರುವ ಅವನ ತಾಯಿ. ಸಂಘದ ಕಾರ್ಯದರ್ಶಿ ಒಳ್ಳೆಯ ಮನುಷ್ಯರೇ. ಎಲ್ಲರಿಗೂ ಬಿಸ್ಕೀಟು ಹಂಚುತ್ತಿದ್ದರು. ಮೊದಲ ಭಾನುವಾರವೇ ಮಾಸ್ತರನ್ನು ಪಕ್ಕಕ್ಕೆ ಕರೆದರು. ಪಕ್ಕ ಎಂದರೆ ನಾನು ಕೂತ ಬೆಂಚಿನ ಹತ್ತಿರವೇ.

"ಇವ್ರಿಬ್ರಿಗೆ ಬೇರೆ ಮಾಡುವಾ ಮಾಸ್ತರೆ. ಮೇಣದಬತ್ತಿ, ಕಾಗದದ ಹೂವು, ಎಂತಾದ್ರೂ. ಅವ್ರಿಗೂ ಖುಷಿ, ಉಳ್ದವ್ರಿಗೂ ತೊಂದ್ರೆ ಇಲ್ಲ."

"ಅವ್ರು ಬಂದದ್ದು ದೀಪ ಮಾಡ್ಲಿಕ್ಕೆ. ಹೂವು ಕೇಳಿದವ್ರು ಯಾರಾದ್ರೂ ಇದ್ರೆ ಅವ್ರಿಗೆ ಹೂವು ಮಾಡ್ಸಿ."

"ಕೈ ಸುಟ್ಕೊಂಡ್ರೆ?"

ಮಾಸ್ತರು ತಮ್ಮ ಎರಡೂ ಅಂಗೈ ಅವರ ಮುಖದ ಮುಂದೆ ಹಿಡಿದರು. "ನೋಡಿ, ಎಷ್ಟು ಕಲೆ ಉಂಟು. ನಂಗೆ ಯಾರೂ ಹೂವು ಮಾಡು ಅಂತ ಹೇಳ್ಲಿಲ್ಲ."

ಕೊನೆಗೆ ಒಂದು ಒಪ್ಪಂದವಾಯಿತು. ಇಬ್ಬರೂ ಎಲ್ಲರ ಜೊತೆ ಕೂರಬಹುದು. ಆದರೆ ಕೊನೆಯ ಭಾನುವಾರ ಹೊರಗಿನ ಪರೀಕ್ಷಕರು ಬಂದಾಗ ಎಲ್ಲರಂತೆ ಒಂದು ಗಂಟೆಯಲ್ಲಿ ದೀಪ ಮಾಡಿ ತೋರಿಸಬೇಕು. ತೋರಿಸಿದರೆ ಮುಂದಿನ ತರಬೇತಿಗೆ, ಫ್ಯಾನು ಮತ್ತು ಮೋಟಾರಿನದಕ್ಕೆ, ಸೇರಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಕುಮುದಳ ಬದುಕಿನಲ್ಲಿ ಮೊದಲ ಸಲ ಅವಳದ್ದೇ ಎನ್ನುವ ಒಂದು ಜಾಗ ಸಿಕ್ಕಿತ್ತು: ಮೇಜಿನ ಬಲತುದಿ, ಕಿಟಕಿಯ ಪಕ್ಕ. ಆ ಜಾಗ ಉಳಿಯುವುದು ಆ ಒಂದು ಗಂಟೆಯ ಮೇಲೆ ನಿಂತಿತ್ತು.

ಅವರು ಕಲಿಸುತ್ತಿದ್ದ ರೀತಿ ನಾನು ಬೇರೆಲ್ಲೂ ಕಂಡಿಲ್ಲ, ನನ್ನ ಬಿ.ಎಡ್. ಕಾಲೇಜಿನಲ್ಲಂತೂ ಇಲ್ಲ. ಬೋರ್ಡು, ಚಾಕ್‌ಪೀಸು ಮುಟ್ಟಲಿಲ್ಲ. ಗೋಡೆಗೆ ಒಂದು ಹಗ್ಗ ಕಟ್ಟಿ ಎಡದಿಂದ ಬಲಕ್ಕೆ ಒಂಬತ್ತು ದೀಪ ತೂಗುಹಾಕಿದ್ದರು. ಮೊದಲನೆಯದು ಬರೀ ಡಬ್ಬಿ. ಎರಡನೆಯದಕ್ಕೆ ಒಂದು ವಾಯರ್, ಮೂರನೆಯದಕ್ಕೆ ಎರಡು. ಹೀಗೆ ಒಂದೊಂದು ದೀಪದಲ್ಲಿ ಒಂದೊಂದೇ ಕೆಲಸ ಹೆಚ್ಚುತ್ತಾ ಹೋಗಿ ಒಂಬತ್ತನೆಯದು ಹತ್ತುವ ದೀಪ. ನಿಮ್ಮ ಕೈಯಲ್ಲಿರುವುದನ್ನು ಹಗ್ಗದ ಮೇಲಿರುವುದರ ಪಕ್ಕ ಹಿಡಿದು ನೋಡಿ. ಒಂದೇ ಥರ ಇದ್ದರೆ ಮುಂದಿನದಕ್ಕೆ ಹೋಗಿ. ಓದು ಬೇಡ, ನೆನಪಿಟ್ಟುಕೊಳ್ಳುವುದೂ ಬೇಡ. ಗಣಪುವಿನ ತಾಯಿ ಅದಕ್ಕೆ ಒಣಮೀನಿನ ಹಗ್ಗ ಎಂದು ಹೆಸರಿಟ್ಟಳು. ಮೂರನೇ ವಾರದ ಹೊತ್ತಿಗೆ ಪಿಯುಸಿ ಓದಿದ ಹುಡುಗರೂ ತಮ್ಮ ನೋಟ್‌ಬುಕ್ ಮಡಚಿಟ್ಟು ಒಣಮೀನಿನ ಹಗ್ಗದ ಹತ್ತಿರ ಬಂದು ನಿಲ್ಲುತ್ತಿದ್ದರು.

ಬೆಸುಗೆ ಹಾಕುವ ಕಾದ ಕಬ್ಬಿಣಕ್ಕೆ ಒಡೆದ ಹೆಂಚಿನ ಚೂರು ಜೋಡಿಸಿ ಒಂದು ಗೂಡು ಮಾಡಿದ್ದರು. ಕಬ್ಬಿಣ ಗೂಡಿಗೆ ಹೋಗುವ ತನಕ ಯಾರೂ ಮಾತಾಡುವಂತಿಲ್ಲ, ಕಾರ್ಯದರ್ಶಿಗಳೂ ಸಹ. ಇನ್ನೊಂದು ನಿಯಮ ನಮಗೆ, ಜೊತೆಗೆ ಬಂದವರಿಗೆ. ಹಿಂದಿನ ಬೆಂಚಿನಲ್ಲಿ ಕೂರಬೇಕು, ಕೈ ಬೆನ್ನ ಹಿಂದೆ ಇರಬೇಕು. "ಕೈ ಹಿಂದೆ ಅಕ್ಕೋರೆ" ಎಂದು ಅವರು ಕೂಗಿದಾಗಲೆಲ್ಲ ಇಡೀ ಹಾಲ್ ನನ್ನತ್ತ ತಿರುಗುತ್ತಿತ್ತು. ಹ್ಯಾಂಡ್ಸ್ ಬಿಹೈಂಡ್ ಯುವರ್ ಬ್ಯಾಕ್ ಎಂದು ಇಪ್ಪತ್ತೈದು ವರ್ಷ ಮಕ್ಕಳಿಗೆ ಹೇಳಿದವಳು ನಾನು. ನನ್ನ ಕೈ ಹತ್ತು ನಿಮಿಷ ಹಿಂದೆ ನಿಲ್ಲುತ್ತಿರಲಿಲ್ಲ.

"ನಿಮ್ಮದು ಚಾಕ್‌ಪೀಸು ಹಿಡ್ದ ಕೈ ಅಕ್ಕೋರೆ, ತಪ್ಪು ಕಂಡ್ರೆ ತುರಿಸ್ತದೆ" ಎಂದು ಗಣಪುವಿನ ತಾಯಿ ಎಲೆಯಡಿಕೆ ಜಗಿಯುತ್ತಾ ನಗುತ್ತಿದ್ದಳು. "ನಂದು ನೋಡಿ. ಮೀನು ಕೊಯ್ದೂ ಕೊಯ್ದೂ ಸಾಕಾಗಿ ಹಿಂದೆ ಬಿದ್ಕೊಂಡದೆ." ಕೆಲವೊಮ್ಮೆ ಹಾಗೆ ಕೂತಲ್ಲೇ ನಿದ್ದೆಯನ್ನೂ ಮಾಡುತ್ತಿದ್ದಳು.

ಕೈ ಕಟ್ಟಿ ಕೂರಲಾರದೆ ನಾನು ಉತ್ತರಪತ್ರಿಕೆಗಳ ಕಟ್ಟು ಕೊಂಡೊಯ್ಯತೊಡಗಿದೆ. ಮೂರು ತಿಂಗಳು ಆ ಬೆಂಚಿನಲ್ಲಿ ಕೆಂಪು ಪೆನ್ನು ಹಿಡಿದು ತಲೆ ತಗ್ಗಿಸಿ ಕೂತೆ. ಎದುರಿಗೆ ನಡೆಯುತ್ತಿದ್ದ ಪಾಠ ನನ್ನ ಕಿವಿಗೆ ಬೀಳಲಿಲ್ಲ.

ಪರೀಕ್ಷೆಯ ಭಾನುವಾರ ಕುಮುದಳಿಗೆ ಇಸ್ತ್ರಿ ಮಾಡಿದ ನೀಲಿ ಸೀರೆ ಉಡಿಸಿದೆ. ಪ್ರತಿಯೊಬ್ಬರ ಮುಂದೆಯೂ ಒಂದು ತಟ್ಟೆಯಲ್ಲಿ ಸಾಮಾನು ಜೋಡಿಸಿಟ್ಟಿದ್ದರು. ಅವಳು ನೀರು ಕುಡಿಯಲು ಎದ್ದುಹೋದಳು. ನಾನು ತಟ್ಟೆ ಸರಿಯಾಗಿದೆಯೇ ನೋಡಲೆಂದು ಬಗ್ಗಿದೆ. ಅದರಲ್ಲಿ ಕಡಲೆಕಾಳಿನಷ್ಟು ದೊಡ್ಡ ಕೆಂಪು ದೀಪವೊಂದಿತ್ತು, ಬ್ಯಾಟರಿ ಚಾರ್ಜ್ ಆಗುವಾಗ ಹತ್ತುವಂಥದ್ದು. ಅದಕ್ಕೆ ತಂತಿಯ ಎರಡು ಕಾಲು. ಒಂದು ಉದ್ದ, ಒಂದು ಗಿಡ್ಡ. ನೀಟಾಗಿಲ್ಲ, ಮಾರ್ಕ್ಸ್ ಹೋಗುತ್ತದೆ ಅನಿಸಿತು. ಮಾಸ್ತರು ಆ ಕಡೆ ತಿರುಗಿದ್ದರು. ನನ್ನ ಹ್ಯಾಂಡ್‌ಬ್ಯಾಗಿನಲ್ಲಿ ಸದಾ ಇರುವ ನೇಲ್ ಕಟರ್ ತೆಗೆದು ಉದ್ದ ಕಾಲನ್ನು ಗಿಡ್ಡದರ ಸಮಕ್ಕೆ ಚಕ್ಕನೆ ಕತ್ತರಿಸಿ ಬೆಂಚಿಗೆ ಬಂದು ಕೂತೆ. ಕೈ ಹಿಂದೆ ಕಟ್ಟಿಕೊಂಡೆ. ಬಹಳ ಒಳ್ಳೆಯ ಕೆಲಸ ಮಾಡಿದ ನೆಮ್ಮದಿ.

ಗಂಟೆ ಶುರುವಾಯಿತು. ಕುಮುದ ಒಂದೊಂದು ಹಂತಕ್ಕೂ ಎದ್ದು ಹಗ್ಗದ ಬಳಿ ಹೋಗಿ ಬರುತ್ತಿದ್ದಳು. ಆರನೆಯ ದೀಪದವರೆಗೆ ಎಲ್ಲ ಸರಿಯಾಗಿಯೇ ನಡೆಯಿತು. ಏಳನೆಯದಕ್ಕೆ ಕೆಂಪು ದೀಪ ಕೈಗೆತ್ತಿಕೊಂಡವಳು ನಿಂತುಬಿಟ್ಟಳು. ತಿರುಗಿಸಿ ನೋಡಿದಳು. ತಟ್ಟೆಗಿಟ್ಟು ಮತ್ತೆ ಎತ್ತಿಕೊಂಡಳು. ಕಬ್ಬಿಣವನ್ನು ಗೂಡಿಗೆ ಸೇರಿಸಿದಳು.

"ಕಾಲು ಇಲ್ಲ" ಎಂದಳು.

ಪರೀಕ್ಷಕರು ಇಬ್ಬರಿದ್ದರು. ಒಬ್ಬರು ಮುಗುಳ್ನಕ್ಕು ಕಾರ್ಯದರ್ಶಿಯತ್ತ ನೋಡಿದರು. "ಪಾಪ, ಎಂತೋ ಹೇಳ್ತಾಳೆ. ಇಷ್ಟು ಮಾಡಿದ್ದೇ ಹೆಚ್ಚು, ಬಿಡಿ."

ಮಾಸ್ತರು ಬಂದು ತಟ್ಟೆ ನೋಡಿದರು. ಕಾಲು ಎರಡೂ ಸಮ. ತುದಿಯಲ್ಲಿ ಆಗಷ್ಟೇ ಕತ್ತರಿಸಿದ ಹೊಳಪು.

"ಯಾರು ಕತ್ತರ್ಸಿದ್ದು?"

ಉದ್ದ ಕಾಲು ಕೆಂಪು ವಾಯರಿಗೆ, ಗಿಡ್ಡ ಕಾಲು ಕಪ್ಪಿಗೆ. ತಿರುಗುಮುರುಗಾದರೆ ದೀಪ ಹತ್ತುವುದಿಲ್ಲ. ಇಪ್ಪತ್ತು ಜನಕ್ಕೂ ಅದು ಗೊತ್ತಿತ್ತು. ಕುಮುದಳಿಗೆ ಗೊತ್ತಿತ್ತು. ಗಣಪುವಿಗೆ ಗೊತ್ತಿತ್ತು. ಮೂರು ತಿಂಗಳು ಅದೇ ಕೋಣೆಯಲ್ಲಿ ಕೂತು ಅದನ್ನು ಕಲಿಯದೆ ಉಳಿದವಳು ಎಂ.ಎ. ಮಾಡಿದ ನಾನೊಬ್ಬಳೇ.

ಎದ್ದು ನಿಂತೆ. ಕೈಯಲ್ಲಿ ಆ ನೇಲ್ ಕಟರ್. "ನಾನು" ಎಂದೆ. "ನೀಟ್ ಆಗಲಿ ಅಂತ." ಹಾಗೆ ತರಗತಿಯ ಮುಂದೆ ನಿಂತ ಮಕ್ಕಳನ್ನು ನಾನು ಎಷ್ಟು ಸಲ ನೋಡಿದ್ದೆನೋ.

ಮಾಸ್ತರು ನನ್ನನ್ನು ಬೈಯಲಿಲ್ಲ. ಕಾರ್ಯದರ್ಶಿ ಬೇರೆ ದೀಪ ಕೊಡಲು ಬಂದರು. ಮಾಸ್ತರು ಅಡ್ಡ ನಿಂತು, "ತಡೀರಿ, ಅವ್ಳ ಹತ್ರ ಕೇಳ್ದೆ ಕೊಡೂದು ಬೇಡ" ಎಂದು, ಕುಮುದಳತ್ತ ತಿರುಗಿ, "ಬೇರೆ ಬೇಕಾ?" ಎಂದರು.

ಅವಳು ತಲೆ ಅಲ್ಲಾಡಿಸಿದಳು. ಬೇಡ. ಮಾಸ್ತರು ಕೈ ಹಿಂದೆ ಕಟ್ಟಿ ನಿಂತರು. ಗೋಡೆಯ ಗಡಿಯಾರದಲ್ಲಿ ಗಂಟೆ ತುಂಬಿತು. ಒಬ್ಬೊಬ್ಬರೇ ಮುಗಿಸಿ ಎದ್ದರು. ಗಣಪುವಿನದೂ ಹತ್ತಿತ್ತು. ಕುಮುದ ಒಬ್ಬಳೇ ಉಳಿದಳು. ಯಾರೋ ಕೆಮ್ಮಿದರು. ನನ್ನ ಬೆನ್ನ ಹಿಂದೆ ನನ್ನದೇ ಬೆರಳುಗಳನ್ನು ನಾನು ಹಿಸುಕಿಕೊಳ್ಳುತ್ತಿದ್ದೆ.

ಆಮೇಲೆ ಅವಳು ಆ ಕೆಂಪು ದೀಪವನ್ನು ತಲೆಕೆಳಗಾಗಿ ಹಿಡಿದು, ಅದರ ಅಂಚಿನ ಸುತ್ತ ಎಡಗೈ ಹೆಬ್ಬೆರಳಿನ ಉಗುರನ್ನು ನಿಧಾನವಾಗಿ ಆಡಿಸಿದಳು. ಒಮ್ಮೆ, ಇನ್ನೊಮ್ಮೆ. ಒಂದು ಜಾಗದಲ್ಲಿ ಉಗುರು ನಿಂತಿತು. ಅಂಥ ದೀಪದ ಗುಂಡನೆಯ ಅಂಚು ಒಂದು ಕಡೆ ಎಳ್ಳಷ್ಟು ಚಪ್ಪಟೆ ಇರುತ್ತದೆ. ಅದು ಕಪ್ಪು ವಾಯರಿನ ಕಡೆ. ಮಾಸ್ತರು ಅದನ್ನು ಪಾಠವಾಗಿ ಹೇಳಿರಲಿಲ್ಲ. ಬೋಟಿನ ಕತ್ತಲೆ ಮೂಲೆಗಳಲ್ಲಿ ಕೆಲಸ ಮಾಡಿದ ಅಭ್ಯಾಸದಿಂದ, ಪ್ರತಿ ದೀಪ ಎತ್ತಿಕೊಂಡಾಗಲೂ ತಮ್ಮ ಉಗುರನ್ನು ಹಾಗೆ ಆಡಿಸುತ್ತಿದ್ದರು, ಅಷ್ಟೇ. ಇವಳು ಅವರ ಕೈ ನೋಡಿಕೊಂಡಿದ್ದಳು.

"ಇಲ್ಲಿ" ಎಂದಳು.

ದೀಪ ಹತ್ತಿದಾಗ ಗಂಟೆ ಕಳೆದು ಇಪ್ಪತ್ತು ನಿಮಿಷವಾಗಿತ್ತು.

"ಆತು" ಎಂದರು ಮಾಸ್ತರು.

ಪರೀಕ್ಷಕರು ಪುಸ್ತಕ ಮುಚ್ಚಿದರು. ದೀಪ ಹತ್ತಿದ್ದು ಸಂತೋಷ, ಆದರೆ ಟೈಮ್ ಮೀರಿದೆ. ರೂಲ್ ಈಸ್ ರೂಲ್. ತಪ್ಪು ನನ್ನದು, ಅವಳದಲ್ಲ ಎಂದೆ. ಇಂಗ್ಲಿಷಿನಲ್ಲೂ ಹೇಳಿದೆ. ನನ್ನ ಜೀವನದಲ್ಲಿ ಮೊದಲ ಸಲ ನನ್ನ ಇಂಗ್ಲಿಷ್ ಯಾರ ಮೇಲೂ ಪರಿಣಾಮ ಬೀರಲಿಲ್ಲ. ಮುಂದಿನ ತರಬೇತಿಗೆ ಗಣಪುವಿನ ಹೆಸರು ಬರೆದುಕೊಂಡರು, ಕುಮುದಳದು ಬಿಟ್ಟರು.

ಮಾಸ್ತರು ಗೋಡೆಯ ಹಗ್ಗವನ್ನು ಬಿಚ್ಚಿದರು. ಒಂಬತ್ತು ದೀಪಗಳ ಸಮೇತ ಅದನ್ನು ಸುತ್ತಿ ಹೆಗಲಿಗೆ ಹಾಕಿಕೊಂಡರು.

"ಮುಂದಿನ ತರಬೇತಿಗೆ ಬೇರೆಯವ್ರನ್ನ ನೋಡ್ಕಳಿ" ಎಂದರು ಕಾರ್ಯದರ್ಶಿಗೆ.

"ಎಂತಕ್ಕೆ ಸಿಟ್ಟು ಮಾಸ್ತರೆ? ಇಪ್ಪತ್ತು ನಿಮಿಷ ಹೆಚ್ಚಾದದ್ದು ಹೌದಲ್ಲ?"

"ಹೌದು. ಕರೆಂಟು ಹೋದ ದಿನ ಆ ದೀಪ ಹತ್ತಿಸ್ತೀರಲ್ಲ, ಆವಾಗ ಕೇಳಿ ನೋಡಿ ಅದ್ಕೆ, ಎಷ್ಟು ನಿಮಿಷದಲ್ಲಿ ಮಾಡಿದ್ದು ಅಂತ."

ಹೊನ್ನಾವರದ ಬಸ್ಸಿನಲ್ಲಿ ಅವರು ನಮ್ಮ ಹಿಂದಿನ ಸೀಟಿನಲ್ಲಿ ಕೂತಿದ್ದರು. ಇಳಿಯುವ ಮುಂಚೆ ಮುಂದಕ್ಕೆ ಬಾಗಿ ಹೇಳಿದರು: "ಬರೂ ಐತ್ವಾರ ನನ್ನ ಶೆಡ್ಡಿಗೆ ಬನ್ನಿ. ಆ ಉಗುರು ಕತ್ತರ್ಸೂದು ಮನೇಲಿಟ್ಟು ಬನ್ನಿ." ನಾನು ಅತ್ತೆ. ಕುಮುದ ಮಡಿಲಲ್ಲಿದ್ದ ತನ್ನ ದೀಪವನ್ನು ಹತ್ತಿಸಿ ಆರಿಸಿ, ಹತ್ತಿಸಿ ಆರಿಸಿ ಮಾಡುತ್ತಿದ್ದಳು.

ನದಿದಂಡೆಯ ಆ ಶೆಡ್ಡಿನಲ್ಲಿ ಎಂಟು ವರ್ಷ ಭಾನುವಾರದ ಕೆಲಸ ನಡೆಯಿತು. ಫಲಕವಿಲ್ಲ, ಉದ್ಘಾಟನೆಯಿಲ್ಲ. ಗಣಪು ಸಂಘದ ಸರ್ಟಿಫಿಕೇಟನ್ನು ಬಿಡಲಿಲ್ಲ. ಅವನ ತಾಯಿ ಅದಕ್ಕೆ ಕಟ್ಟು ಹಾಕಿಸಿದಳು. ಆದರೆ ಎರಡನೇ ತರಬೇತಿಗೆ ಹೋಗದೆ ಮಗನನ್ನು ಕರೆದುಕೊಂಡು ಶೆಡ್ಡಿಗೇ ಬಂದಳು. "ಅಲ್ಲಿ ಕುರ್ಚಿ ಚಂದ, ಮಾಸ್ತರ್ ಇಲ್ಲಿದ್ದಾರೆ" ಎಂದಳು. ಕಾಗಾಲದಿಂದ ಇಬ್ಬರು, ಭಟ್ಕಳದಿಂದ ಒಬ್ಬಳು, ಹೀಗೆ ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಗೊತ್ತಾಗಿ ಏಳೆಂಟು ಜನರಾದರು. ಭಟ್ಕಳದ ಅಂಗಡಿಯೊಂದರ ಸಾಹೇಬರು ಗಲ್ಫಿನಿಂದ ಬಂದಿದ್ದ, ಈಗ ಕೆಟ್ಟುಹೋದ ಟೇಪ್ ರೆಕಾರ್ಡರುಗಳನ್ನು ಗೋಣಿಯಲ್ಲಿ ತುಂಬಿ ಬಸ್ಸಿಗೆ ಹಾಕಿ ಕಳಿಸುತ್ತಿದ್ದರು, ಬಿಚ್ಚಿ ಕಲಿಯಲಿ ಎಂದು. ಕೈ ನಡುಗುವವರಿಗೆಂದು ಮಾಸ್ತರು ಹಲಗೆಯಲ್ಲಿ ಸಾಮಾನಿನ ಆಕಾರಕ್ಕೆ ಸರಿಯಾಗಿ ಗುಳಿ ಕೊರೆದರು. ಬೋಟಿನ ಗಲಾಟೆಗೆ ಹೆದರಿ ಕಿವಿ ಮುಚ್ಚಿಕೊಳ್ಳುತ್ತಿದ್ದ ಕಾಗಾಲದವನಿಗೆ ಹಳೆಯ ಹೆಡ್‌ಫೋನ್ ಕೊಟ್ಟರು, ತಂತಿ ಕಿತ್ತು.

ಶೆಡ್ಡಿನಲ್ಲಿ 'ಪಾಪ' ಎನ್ನುವಂತಿರಲಿಲ್ಲ. ಅಂದವರು ಎದ್ದು ನದಿಯ ತನಕ ಹೋಗಿ ಕಾಲು ತೊಳೆದುಕೊಂಡು ಬರಬೇಕು. ಒಮ್ಮೆ ಎಲ್ಲಿಂದಲೋ ಬಂದ ಅತಿಥಿ ಮಹಿಳೆಯೊಬ್ಬರು ಗಣಪು ಬೆಸುಗೆ ಹಾಕುವುದನ್ನು ನೋಡಿ ಕಣ್ಣು ಒದ್ದೆ ಮಾಡಿಕೊಂಡು, "ಪಾಪ, ಎಷ್ಟು ಶ್ರದ್ಧೆ" ಎಂದರು. ಮಾಸ್ತರು ಬಾಗಿಲು ತೋರಿಸಿದರು. "ನೀರು ಈ ಕಡೆ ಉಂಟು. ಚಪ್ಪಲಿ ಇಲ್ಲೇ ಬಿಡಿ, ಕೆಸರು." ಆಕೆ ರೇಷ್ಮೆ ಸೀರೆ ಎತ್ತಿಕೊಂಡು ನಿಜಕ್ಕೂ ಹೋಗಿ ಬಂದರು. ಮರುವಾರ ಮತ್ತೆ ಬಂದು ಹಿಂದಿನ ಬೆಂಚಿನಲ್ಲಿ ಕೈ ಕಟ್ಟಿ ಕೂತರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ.

ಮಾಸ್ತರು ಸುಲಭದ ಮನುಷ್ಯರಾಗಿರಲಿಲ್ಲ. ಬೋಟಿನವರ ಜೊತೆ ಜಗಳ, ಕರೆಂಟಿನ ಆಫೀಸಿನವರ ಜೊತೆ ಜಗಳ. ಔಷಧಿ ಹೊತ್ತಿಗೆ ತಗೊಳ್ಳಿ ಎಂದರೆ ನನ್ನ ಜೊತೆಗೂ ಜಗಳ. ಮಳೆಗಾಲದ ಒಂದು ದಿನ ಎದೆನೋವೆಂದು ಆಸ್ಪತ್ರೆಗೆ ಸೇರಿಸಿದರು. ನಾವಿಬ್ಬರೂ ನೋಡಲು ಹೋದೆವು. ಬಿಳಿ ಹೊದಿಕೆಯ ಮೇಲೆ ಅವರ ಎಡಗೈ ಮಲಗಿತ್ತು. ಉಗುರು ಇರಲಿಲ್ಲ. ಬೆರಳಿಗೆ ಎಂಥದೋ ಕ್ಲಿಪ್ ಹಾಕಲೆಂದೋ, ಚೊಕ್ಕಟಕ್ಕೆಂದೋ, ಯಾರೋ ಬುಡದವರೆಗೆ ಕತ್ತರಿಸಿದ್ದರು. ನನ್ನ ಕಾನ್ವೆಂಟಿನ ಸಿಸ್ಟರ್ ಕಂಡರೆ ಮೆಚ್ಚುವಷ್ಟು ನೀಟಾಗಿ.

ಕುಮುದ ಆ ಬೆರಳನ್ನು ಎತ್ತಿ ನೋಡಿದಳು. ಅವಳ ಮುಖ ಕೆಂಪಾಯಿತು.

"ಯಾರು ಕತ್ತರ್ಸಿದ್ದು?" ಎಂದು ಕೇಳಿದಳು, ಇಡೀ ವಾರ್ಡಿಗೆ ಕೇಳಿಸುವಂತೆ. ನರ್ಸ್ ಓಡಿಬಂದಳು. ನಾನು ಸಮಾಧಾನ ಮಾಡಲು ಹೋದೆ. ಮಾಸ್ತರಿಗೆ ನಗು ಬಂತು, ನಕ್ಕರೆ ಎದೆ ನೋಯುತ್ತಿತ್ತು.

"ಬಿಡು" ಎಂದರು ಅವಳಿಗೆ. "ನಿಂದು ಉಂಟಲ್ಲ."

ನಾನು ಆಗ ನೋಡಿದೆ. ಅವಳ ಎಡಗೈ ಹೆಬ್ಬೆರಳಿನ ಉಗುರು ಅರ್ಧ ಇಂಚು ಬೆಳೆದಿತ್ತು. ಪ್ರತಿ ಶನಿವಾರ ಅವಳ ಉಗುರು ಕತ್ತರಿಸುತ್ತಿದ್ದವಳು ನಾನೇ. ಆ ಒಂದು ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡು ಉಳಿದ ಒಂಬತ್ತನ್ನು ಮಾತ್ರ ಕೊಡುತ್ತಿದ್ದಳು. ನಾನು ಅವಸರದಲ್ಲಿ ಎಣಿಸಿರಲಿಲ್ಲ.

ಅವರು ಎರಡು ದಿನದ ನಂತರ ತೀರಿಕೊಂಡರು.

ನನಗೀಗ ಎಂಬತ್ತರ ಹತ್ತಿರ. ನನ್ನ ನಂತರ ಕುಮುದ ಏನು ಮಾಡುತ್ತಾಳೆ ಎಂದು ನೆಂಟರು ಈಗಲೂ ನನ್ನನ್ನೇ ಕೇಳುತ್ತಾರೆ, ಅವಳೆದುರಿಗೇ. ಮೊದಲಾದರೆ ಅಳುತ್ತಿದ್ದೆ. ಈಗ ಸಿಟ್ಟು ಬರುತ್ತದೆ, ಅದು ಆರೋಗ್ಯಕ್ಕೂ ಒಳ್ಳೆಯದು. ಶೆಡ್ಡು ಬೇರೆಯವರ ಪಾಲಾಯಿತು. ಮೇಜು ನಮ್ಮ ಜಗಲಿಗೆ ಬಂದಿದೆ, ಗೋಡೆಗೆ ಒಣಮೀನಿನ ಹಗ್ಗವೂ ಇದೆ. ಭಾನುವಾರ ಬಾಡದಿಂದ ಗಣಪು ಒಬ್ಬನೇ ಬಸ್ಸು ಹತ್ತಿ ಬರುತ್ತಾನೆ, ತಲೆ ಪೂರ್ತಿ ಬೆಳ್ಳಗಾಗಿದೆ. ಇಬ್ಬರೂ ಸೇರಿ ಕೇರಿಯ ಅರ್ಧದಷ್ಟು ಮಿಕ್ಸರುಗಳನ್ನು ಬದುಕಿಸಿದ್ದಾರೆ.

ಮೊನ್ನೆ ಹೊಸದಾಗಿ ಬಾಡಿಗೆಗೆ ಬಂದ ಮನೆಯ ಹೆಂಗಸೊಬ್ಬರು ಕೆಟ್ಟ ಟಾರ್ಚ್ ಹಿಡಿದು ಜಗಲಿಗೆ ಬಂದರು. ಕುಮುದ ಮೇಜಿನ ಹತ್ತಿರವೇ ಕೂತಿದ್ದಳು. ಆಕೆ ಅವಳನ್ನು ದಾಟಿ ನನ್ನ ಹತ್ತಿರ ಬಂದು, ದನಿ ತಗ್ಗಿಸಿ, "ಅಕ್ಕೋರೆ, ಇವ್ರಿಗೆ ಇದೆಲ್ಲ ಗೊತ್ತಾಗ್ತದಾ?" ಎಂದರು.

"ಕೇಳಿದ್ರಾ ಅವಳ ಹತ್ರ?" ಎಂದೆ.

ಆಕೆ ತಿರುಗಿ ಕೇಳಿದರು. ಕುಮುದ ಟಾರ್ಚ್ ತೆಗೆದುಕೊಂಡು ಬಿಚ್ಚತೊಡಗಿದಳು. ತುಕ್ಕು ಹಿಡಿದ ಸ್ಪ್ರಿಂಗ್ ಸಿಕ್ಕಿಕೊಂಡಿತ್ತು, ಬರಲಿಲ್ಲ. ನನಗೇ ಗೊತ್ತಿಲ್ಲದೆ ನಾನು ಮುಂದಕ್ಕೆ ಬಾಗಿದ್ದೆ.

"ಅಕ್ಕ, ಕೈ" ಎಂದಳು, ತಲೆಯೆತ್ತದೆ.

ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.